ಇಳಿತದ ಮೋಜಣಿ

ನಾಲ್ಕು ತಾಸು ನಮ್ಮದು. ಆಮೇಲೆ ಸಮುದ್ರದ್ದು.
ಅಷ್ಟರೊಳಗೆ ಅಳೆದು ಮುಗಿಸಬೇಕು
ಆಮೆಲಾಂಡ್ ದ್ವೀಪದ ತೆಂಕಣ ಬಯಲಲ್ಲಿ
ನೀಲಿಕಲ್ಲುಗಳ ಈ ಹಾಸು.
ನನ್ನ ಕೈಯಲ್ಲಿ ದಾರಿ ಬರೆದುಕೊಳ್ಳುವ ಯಂತ್ರ,
ಮುಂದೆ ಮುಂದೆ ಡೌವೆ,
ಎಂಬತ್ತೊಂದರ ಮುದುಕ, ಕೋಲೂರಿ,
ಕೆಸರಿಗೆ ಬೈಯುತ್ತ.

ನಿಯಮ ಸರಳ:
ಗುಂಪಿನಿಂದ ಗುಂಪಿಗೆ ಇಪ್ಪತ್ತೈದು ಮೀಟರಿನೊಳಗಿದ್ದರೆ
ಒಂದೇ ಮನೆ ಎಂದು ಬರೆ;
ಮೀರಿತೋ, ಹಿಸ್ಸೆಯಾಗಿದೆ ಎಂದು ಬರೆ.
"ನಮ್ಮ ಅಣ್ಣತಮ್ಮಂದಿರಿಗೂ ಇದನ್ನೇ ಹಚ್ಚಿದ್ದರೆ
ಕೋರ್ಟಿನ ಖರ್ಚು ಉಳಿಯುತ್ತಿತ್ತು ವೀತ್ಸ್ಕೆ" ಅಂದ.
ಅವನು ನಗಲಿಲ್ಲ. ನಾನು ನಕ್ಕೆ.

ಹಾಸು ಶುರುವಾಗುವುದು ಹೀಗೆ:
ವಸಂತದ ನೀರಲ್ಲಿ ಕಣ್ಣಿಗೆ ಕಾಣದ ಮರಿ,
ತೂಕವಿಲ್ಲದ್ದು, ಊರಿಲ್ಲದ್ದು,
ಕೆಲವು ವಾರ ಹರಿದತ್ತ ಹರಿದು
ಒಂದು ದಿನ ಇಳಿಯಲು ಜಾಗ ಹುಡುಕುತ್ತದೆ.
ಬರೀ ಕೆಸರು ಒಲ್ಲದು.
ಸತ್ತ ಬಳಚಿನ ಚಿಪ್ಪು, ಮುರಿದದ್ದಾದರೂ ಸರಿ,
ಯಾರೋ ಬಿಟ್ಟುಹೋದ ಒಂದಿಷ್ಟು ಗಟ್ಟಿ.
ಕಾಲು ಚಾಚಿ ಅದಕ್ಕೊಂದು ಎಳೆ ಅಂಟಿಸುತ್ತದೆ,
ಅದು ಬಿಗಿಯುವ ಮುಂಚೆ ಇನ್ನೊಂದು.
ಪಕ್ಕಕ್ಕೆ ಬಂದದ್ದು ಇದಕ್ಕೇ ಕಟ್ಟಿಕೊಳ್ಳುತ್ತದೆ,
ಅದಕ್ಕೆ ಮತ್ತೊಂದು.
ಯಾರ ಎಳೆ ಯಾರ ಬೆನ್ನಿಗೆ
ಬಿಡಿಸಿ ಹೇಳುವವರಿಲ್ಲ.

ಕುಡಿದ ನೀರನ್ನು ಸೋಸಿ ಉಗಿದ ಮಣ್ಣು
ತಮ್ಮ ಬುಡಕ್ಕೇ ಕೂಡುತ್ತದೆ;
ಹೂಳು ಏರಿದಂತೆ ಮೇಲಕ್ಕೆ ತೆವಳುತ್ತವೆ,
ತೆವಳಲಾರದ್ದು ಅಲ್ಲೇ ಅಡಿಪಾಯ.
ಸನಿಕೆ ಹಾಕಿ ಒಮ್ಮೆ ಬಗೆದು ನೋಡಿದ್ದೆ:
ಕಪ್ಪು ಕೆಸರು, ಬಿಳಿ ಚಿಪ್ಪು, ಮತ್ತೆ ಕೆಸರು,
ಮೊಳದಾಳದಲ್ಲಿ ಬಾಯಿ ಮುಚ್ಚಿಯೇ ಸತ್ತ ಜೋಡಿಗಳು,
ಕೊಳೆತ ಮೊಟ್ಟೆಯ ವಾಸನೆ.
ಮುಚ್ಚಿಬಿಟ್ಟೆ.

ಮೊದಲ ಚಳಿಗಾಲ ದಾಟುವುದೇ ಕಷ್ಟ.
ವಾಯವ್ಯದ ಬಿರುಗಾಳಿಗೆ ಎಳೆಯ ಹಾಸು
ಚಾಪೆ ಸುತ್ತಿಟ್ಟಂತೆ ಎದ್ದು ಹೋಗುತ್ತದೆ.
ಉಳಿದದ್ದನ್ನು ಐಡರ್ ಬಾತು ಚಿಪ್ಪು ಸಮೇತ ನುಂಗುತ್ತದೆ.
ಮಂಜುಗಡ್ಡೆ ಹೆರೆಯುತ್ತದೆ. ಆದರೆ ಅದೇ ಚಳಿ
ಏಡಿಗಳನ್ನೂ ತಡೆಯುತ್ತದೆ, ಬರುವ ಬೇಸಿಗೆಗೆ
ಮರಿಗಳನ್ನು ಮುಕ್ಕುವ ಬಾಯಿ ಕಡಿಮೆ.
ಚಳಿಯನ್ನು ಬೈಯಬೇಕೋ ಬೇಡವೋ
ನನಗಿನ್ನೂ ಇತ್ಯರ್ಥವಾಗಿಲ್ಲ.

ಡೌವೆಯೂ ಒಂದು ಚಳಿಗಾಲವಾಗಿದ್ದ.
ಅವನ ದೋಣಿಗೆ ನಾಲ್ಕು ಕಬ್ಬಿಣದ ಬಲೆ,
ನೆಲ ಹೆರೆದು ಎತ್ತಿದರೆ ಟನ್ನುಗಟ್ಟಲೆ,
ಚಿಪ್ಪು, ಬುಡ, ಮರಿ, ಎಲ್ಲ.
"ಕೊನೆಯ ವರ್ಷ ಬಾತುಗಳು ದಂಡೆಗೆ ಬಂದು ಬಿದ್ದವು,
ಎತ್ತಿಕೊಂಡರೆ ಬರೀ ಗರಿಯ ತೂಕ"
ಎಂದು ಒಮ್ಮೆ ಮಾತ್ರ ಹೇಳಿದ್ದಾನೆ, ಬೂಟು ತೊಳೆಯುತ್ತ.
ಆಮೇಲೆ ಹಾಸುಗಳಿಗೆ ಸರ್ಕಾರ ಬಾಗಿಲು ಹಾಕಿತು.
ಅವನು ದೋಣಿ ಮಾರಿದ.
ಹತ್ತು ವರ್ಷ ಈ ಕಡೆ ತಲೆ ಹಾಕಲಿಲ್ಲ.

ಈಗ ಬಿಸಿಲಿಗೆ ಇಡೀ ಹಾಸು ಚಿಟಿಚಿಟಿ ಅನ್ನುತ್ತಿದೆ.
ಪರದೇಶದ ಸಿಂಪಿಗಳು ನಡುನಡುವೆ
ಕತ್ತಿ ನಿಲ್ಲಿಸಿದಂತೆ ನಿಂತಿವೆ;
ಹಾಳು ಮಾಡಲು ಬಂದವು ಎಂದು ಶಪಿಸಿದ್ದೆವು,
ನೋಡಿದರೆ ಅವುಗಳ ಸಂದಿಯಲ್ಲೇ
ನಮ್ಮವು ಕೊಕ್ಕಿಗೆ ಸಿಗದೆ ಕೂತಿವೆ.

ಪಡುವಣ ಮೂಲೆಯಲ್ಲಿ ಒಂದು ಬೋಳು ಜಾಗ.
ಹಳೆಯ ಗೆರೆಯಂತೆ ಉದ್ದಕ್ಕೆ, ನೇರಕ್ಕೆ.
ಡೌವೆ ಅಲ್ಲಿ ನಿಂತ.
ಕೋಟಿನೊಳಗಿಂದ ಅಂಗಡಿಯ ಚೀಲ ತೆಗೆದ,
ಈರುಳ್ಳಿ ಹಾಕಿ ಬೇಯಿಸಿ ತಿಂದು, ತೊಳೆದು, ಒಣಗಿಸಿ
ಚಳಿಗಾಲವೆಲ್ಲ ಕೂಡಿಟ್ಟ ಖಾಲಿ ಚಿಪ್ಪು.
ಸುರಿದ. ಬೂಟಿನಿಂದ ಒತ್ತಿದ.
"ಇಳಿಯುವವರಿಗೆ ಏನಾದರೂ ಬೇಕಲ್ಲ."

ತರಬಾರದು, ಒಯ್ಯಬಾರದು, ಅದು ಕಾನೂನು;
ಕಾಯುವವಳು ನಾನು.
ಬಡಗಣ ಆಕಾಶದಲ್ಲಿ ಹಕ್ಕಿಹಿಂಡೊಂದು ಹೊರಳುತ್ತಿತ್ತು.
ಚೀಲ ಮಡಚುವ ಸದ್ದು ಕೇಳುವವರೆಗೆ
ಅದನ್ನೇ ಎಣಿಸುತ್ತ ನಿಂತೆ.

ನೀರು ಆಗಲೇ ಕಾಲುವೆಯ ಬಾಯಿಗೆ ಬಂದಿತ್ತು.
ಚಕ್ಕುಬಂದಿ ಕೂಡಲು ಇನ್ನೂ ಹನ್ನೆರಡು ಹೆಜ್ಜೆ ಬಾಕಿ.
ಫಾರಂನ ಕೊನೆಗೆ ಷರಾ ಎಂಬ ಕಾಲಂ ಇದೆ.
ಬರೆದೆ: ಗಾಳಿ ನೈಋತ್ಯ,
ಕೆಸರು ಮೊಣಕಾಲವರೆಗೆ.